ಗಿಟಾರ್ ನಿರ್ಮಿತಿಯ ತಾತ್ವಿಕ ನೆಲೆಗಳು: ಹಿತ್ತಿಲ ಶೆಡ್ಡಿನಿಂದ ಒಂದು ಅನುಸಂಧಾನ

ಪೀಠಿಕೆ

ಪ್ರಸ್ತುತ ಸಂಪ್ರಬಂಧವು ಅಕೌಸ್ಟಿಕ್ ಗಿಟಾರ್ ಎಂಬ ತಂತುವಾದ್ಯದ ಗೃಹನಿರ್ಮಿತಿಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ, ದೇಸಿ ಜ್ಞಾನಮೀಮಾಂಸೆಯೊಂದಿಗೆ ಮುಖಾಮುಖಿಯಾಗಿಸಿ, ಕಾಷ್ಠ-ನಾದ-ದೇಹಗಳ ತ್ರಿಕೋನ ಸಂಬಂಧದ ನೆಲೆಯಲ್ಲಿ ನಿರ್ವಚಿಸುವ ವಿನಮ್ರ ಪ್ರಯತ್ನವಾಗಿದೆ. ಈ ಕ್ಷೇತ್ರದಲ್ಲಿ ಇದುವರೆಗೆ ಗಂಭೀರ ಅಧ್ಯಯನ ನಡೆದಿಲ್ಲ ಎಂದು ಹೇಳುವುದು ಸಂಪ್ರದಾಯ, ಆದ್ದರಿಂದ ಹೇಳಿದ್ದೇನೆ. ಅಧ್ಯಯನದ ವ್ಯಾಪ್ತಿ: ಹಿತ್ತಿಲ ತಗಡಿನ ಶೆಡ್ಡು. ಅಧ್ಯಯನದ ಮಿತಿ: ಕರೆಂಟ್ ಹೋಗುವುದು.

ವರ್ಗೀಕರಣ

ಇಂಥ ಶೆಡ್ಡಿಗೆ ಬಂದು ಹೋಗುವ ವಿದ್ವಾಂಸರನ್ನು ಸ್ಥೂಲವಾಗಿ ಏಳು ವರ್ಗಗಳಲ್ಲಿ ಗುರುತಿಸಬಹುದು.

(ಅ) ತಾಡನವಾದಿಗಳು: ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಿವಿಯ ಹತ್ತಿರ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ, "ಇದರಲ್ಲಿ ಜೀವ ಇದೆ ಕಣ್ರೀ" ಎನ್ನುವವರು. ತಟ್ಟಿದ್ದು ಬಚ್ಚಲ ಬಾಗಿಲಿಗೆ ತಂದಿಟ್ಟ ಪ್ಲೈವುಡ್ ಎಂದು ತಿಳಿಸಿದರೂ ಜೀವ ಹೋಗುವುದಿಲ್ಲ.

(ಆ) ಶುಷ್ಕವಾದಿಗಳು: ಮರ ನೂರು ವರ್ಷ ಒಣಗಿರಬೇಕು ಎನ್ನುವವರು. ಕಟ್ಟುವವನು ಎಷ್ಟು ಒಣಗಿರಬೇಕು ಎಂಬುದರ ಬಗ್ಗೆ ಇವರಲ್ಲಿ ಒಮ್ಮತವಿಲ್ಲ.

(ಇ) ನಾದಬ್ರಹ್ಮವಾದಿಗಳು: ಕಾಫಿ ಕುಡಿಯದೆ ಏಳುವುದಿಲ್ಲ.

ಉಳಿದ ನಾಲ್ಕೂ ಹೆಚ್ಚುಕಡಿಮೆ (ಅ)ದಂತೆಯೇ. ಏಳು ಅಂದರೆ ತೂಕ ಬರುತ್ತದೆಂದು ಬರೆದೆ.

ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷವಾದರೋ ಇದು: ನಾದದ ಆತ್ಮವಿರುವುದು ಗಿಟಾರಿನ ಬೆನ್ನು ಮತ್ತು ಪಕ್ಕೆಯ ಮರದಲ್ಲಿ, ಆ ಮರ ಬ್ರೆಜಿಲಿನ ಬೀಟೆಯಾದರೆ ಪರಮಾತ್ಮ. ಖಂಡನೆ: ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು-ಪಕ್ಕೆಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಮುಂದಿನ ಹಲಗೆಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿ ಗಿಟಾರ್ ಕಟ್ಟಿದ. ಅದು ಇಂದಿಗೂ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿದೆ. 1995ರಲ್ಲಿ ಅಮೆರಿಕದ ಟೇಲರ್ ಕಂಪನಿ ಸಾಮಾನು ಸಾಗಿಸುವ ಹಳೇ ಪ್ಯಾಲೆಟ್ ಒಡೆದು ಗಿಟಾರ್ ಮಾಡಿ ತೋರಿಸಿತು. 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದವರು ಇನ್ನೂ ಕ್ರೂರಿಗಳು. ಬೆನ್ನು-ಪಕ್ಕೆಯ ಮರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ತೆರನಾದ ಆರು ಗಿಟಾರ್ ಕಟ್ಟಿಸಿ, 52 ಮಂದಿ ವಾದಕರಿಗೆ ಮಬ್ಬು ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಬಿದ್ದ ಅಂಕ ಹೆಚ್ಚುಕಡಿಮೆ ಒಂದೇ. ಆತ್ಮವು ವೆಲ್ಡಿಂಗ್ ಕನ್ನಡಕವನ್ನು ಭೇದಿಸಲಾರದು ಎಂದು ಇದರಿಂದ ಸಿದ್ಧವಾಗುತ್ತದೆ.

ಪ್ರಯೋಗ

ಮುಂದಿನ ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಆರು ಉಕ್ಕಿನ ತಂತಿಗಳು ಸೇರಿ ಅದನ್ನು ಎಪ್ಪತ್ತು ಕಿಲೋಗೂ ಮೀರಿ ಜಗ್ಗುತ್ತವೆ. ಜಗ್ಗಿದರೆ ಮುರಿಯಬಾರದು, ಮೀಟಿದರೆ ಅದುರಬೇಕು. ಅದಕ್ಕೇ ಒಳಗಡೆ ಕತ್ತರಿಯಾಕಾರದಲ್ಲಿ ಪಟ್ಟಿ ಕೂರಿಸುವುದು. ಅಂಟು ಹಿಡಿಯುವವರೆಗೆ ಪಟ್ಟಿಯನ್ನು ಒತ್ತಿ ಹಿಡಿಯಲು ಕೆಲಸದ ಮೇಲುಗಡೆ ಅಡ್ಡಲಾಗಿ ಬಿಗಿದ ಹಲಗೆಗೂ ಪಟ್ಟಿಗೂ ನಡುವೆ ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ಸಿಕ್ಕಿಸಿದರೆ ಸಾಕು.

ಪಕ್ಕೆ ಬಗ್ಗಿಸುವುದು ನಿಜವಾದ ಕೆಲಸ. ಎರಡು ಮಿಲಿಮೀಟರಿಗೆ ಹೆರೆದ ಬೀಟೆ ಪಟ್ಟಿಯನ್ನು ನೀರಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಬೇಕು. ಹನಿ ಚಿಮುಕಿಸಿದರೆ ಚುರ್ರೆಂದು ಪುಟಿಯುವಷ್ಟು ಕಾವು. ಮೊದಲು ಮರ ಜಗ್ಗುವುದೇ ಇಲ್ಲ. ಆವಿ ಏಳುತ್ತದೆ, ಬೀಟೆಯ ಸಿಹಿ ಘಮ ಶೆಡ್ಡಿನ ತುಂಬ ಹರಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಅಂಗೈಯಡಿ ಮರ ಸಡಿಲವಾಗುತ್ತದೆ. ಆ ಗಳಿಗೆ ಹಿಡಿದರೆ ಸೊಂಟದ ತಿರುವು ಬಂತು. ಅವಸರಪಟ್ಟರೆ ಟಕ್ ಅಂತ ಸೀಳು.

ಗಿಟಾರಿನ ಕುತ್ತಿಗೆಗೆ ಫ್ರೆಟ್ (ಸ್ವರಸ್ಥಾನದ ಲೋಹದ ಪಟ್ಟಿ) ಕೂರಿಸುವಾಗಲಂತೂ ತಾತ್ವಿಕತೆ ನಡೆಯುವುದೇ ಇಲ್ಲ. 648 ಮಿ.ಮೀ. ತಂತಿಯನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.37ಕ್ಕೆ, ಉಳಿದದ್ದನ್ನು ಮತ್ತೆ ಅದರಿಂದಲೇ ಭಾಗಿಸುತ್ತ ಹೋಗಬೇಕು. ಫ್ರೆಟ್ ಆಚೀಚೆಯಾದರೆ ಕಿವಿ ಹೇಳುತ್ತದೆ. 'ಹಲವು ಆಯಾಮಗಳಿವೆ' ಎಂದು ಜಾರಿಕೊಳ್ಳಲು ಜಾಗವಿಲ್ಲ.

ಜ್ಞಾನಪರಂಪರೆಯ ನೆಲೆ

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತೀಡಿ ಹೊಳಪು ತರುವುದನ್ನು ನನಗೆ ಕಲಿಸಿದವರು ನಮ್ಮ ಬೀದಿಯ ಆಚಾರ್ರು. 'ದೇಸಿ ಕಾಷ್ಠಕಲೆಯ ಜ್ಞಾನಪರಂಪರೆ' ಎಂಬ ಸಂಕಿರಣಕ್ಕೆ ಅವರನ್ನು ಕರೆಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪೇಟ ತೊಡಿಸಿ ಫೋಟೋ ಹಿಡಿದರು. ಎರಡು ಮಾತಾಡಿ ಅಂದರು. ಅವರು ಉಳಿ ಮಸೆಯುವುದು ಹೇಗೆ ಅಂತ ಶುರು ಮಾಡಿದರು, ಕಲ್ಲಿನ ಮೇಲೆ ಉಳಿಯನ್ನು ಯಾವ ಓರೆಯಲ್ಲಿ ಇಡಬೇಕು ಎಂದು ಕೈ ಆಡಿಸಿ ತೋರಿಸುತ್ತಿದ್ದರು, ಅಷ್ಟರಲ್ಲಿ ಚೀಟಿ ಬಂತು: ಸಮಯದ ಅಭಾವ. ಆಮೇಲೆ ಮುಕ್ಕಾಲು ಗಂಟೆ ಒಬ್ಬರು ಶ್ರಮದ ಕಥನದ ಬಗ್ಗೆ ಓದಿದರು. ಜೀವನದಲ್ಲಿ ಒಂದು ಮೊಳೆ ಹೊಡೆದವರಲ್ಲ. ಜ್ಞಾನಪರಂಪರೆ ಎದುರಿಗೇ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿತ್ತು ಸ್ವಾಮಿ, ಮೈಕು ಕೊಡಬೇಕಿತ್ತು!

ಹೆಚ್ಚಿನ ಅಧ್ಯಯನಕ್ಕಿರುವ ಅವಕಾಶ

ಬ್ರೆಜಿಲಿನ ಬೀಟೆ ಸಿಗದಂತಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯ ಕಡೆ ತಿರುಗಿತು. ಪಶ್ಚಿಮ ಘಟ್ಟದ ಮರ ಜಗತ್ತಿನ ಗಿಟಾರುಗಳ ಬೆನ್ನಾಯಿತು. ಈಗ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿ ಅದೂ ಇದೆ. 2017ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಪರವಾನಗಿ ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ಟರು. ತನ್ನದೇ ಕಾಫಿ ತೋಟದಲ್ಲಿ ನಿಂತ ಬೀಟೆ ಕಡಿಯಲೂ ಇಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಬೇಕಾದದ್ದೇ. ಆದರೆ ಅದನ್ನು ಕೆತ್ತಬಲ್ಲ ಕೈಗೆ ಯಾವ ಪಟ್ಟಿಯೂ ಇಲ್ಲ, ಅಪ್ಪಣೆ ಕೇಳದೆ ಕಡಿದುಹೋಗುತ್ತಿದೆ. ಆಚಾರ್ರ ಮಗ ಈಗ ಮಾಡ್ಯುಲರ್ ಕಿಚನ್ ಕೂರಿಸುತ್ತಾನೆ. ಬೀಟೆ ಕೆಲಸ ಬರುತ್ತದೇನಪ್ಪ ಅಂದರೆ, "ಬರತ್ತೆ ಸಾರ್, ಮಾಡಿಸೋರು ಯಾರು?" ಅಂದ. ಅವನ ಹತ್ತಿರ ಅಪ್ಪನ ಉಳಿಗಳಿವೆ. ಲ್ಯಾಮಿನೇಟ್ ಅಂಚು ಸವರುವುದಕ್ಕೆ ಅವು ಬೇಕಾಗುವುದಿಲ್ಲ.

ಹೊಸ ಆಹ್ವಾನ ಪತ್ರಿಕೆ ಬಂದಿದೆ. ವಿಷಯ: 'ಅಳಿವಿನಂಚಿನ ಕೈಕಸುಬುಗಳು, ಕೆಲವು ಟಿಪ್ಪಣಿಗಳು'. ಪ್ರಬಂಧ ಮಂಡಿಸುವವರಿಗೆ ಪ್ರಯಾಣ ಭತ್ಯೆ ಉಂಟು. ಸನ್ಮಾನಿತರು ತಮ್ಮ ಖರ್ಚಿನಲ್ಲಿ ಬರತಕ್ಕದ್ದು.