ಹದಿನಾರು ಕಣ್ಣು, ಆರು ದಿನದ ನೆನಪು

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾಗುವ ನಿರ್ಣಯಗಳು ಎರಡೇ: ಹಿಂದಿನ ಸಮಿತಿಯ ಲೆಕ್ಕ ಸರಿಯಿಲ್ಲ ಎಂಬುದು ಮೊದಲನೆಯದು, ಸಿಸಿಟಿವಿ ಹಾಕಿಸಲೇಬೇಕು ಎಂಬುದು ಎರಡನೆಯದು. ಈ ಎರಡನೆಯದು ಸಾಮಾನ್ಯವಾಗಿ ಯಾರದಾದರೂ ಸೈಕಲ್ ಕಳುವಾದ ಮರುವಾರ ಮಂಡನೆಯಾಗುವುದರಿಂದ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯನ್ನು ಹಿರಿಯರೊಬ್ಬರು ಎತ್ತುವುದೂ, ಕಾರ್ಯದರ್ಶಿ ಅದನ್ನು ನಡಾವಳಿಯಲ್ಲಿ ಬರೆಯದೆ ಬಿಡುವುದೂ ವಾಡಿಕೆ. ಮುಂದಿನ ಮಾತೆಲ್ಲ ಕ್ಯಾಮೆರಾಕ್ಕೆ ಮೀಸಲು: ಎಷ್ಟು ಮೆಗಾಪಿಕ್ಸೆಲ್, ಕತ್ತಲಲ್ಲಿ ಬಣ್ಣ ಕಾಣುತ್ತದೆಯೇ, ಗುಂಡಗಿನದು ಬೇಕೋ ಉದ್ದನೆಯದೋ. ಕ್ಯಾಮೆರಾ ಗೋಡೆಯ ಮೇಲೆ ನಾಲ್ಕು ಜನಕ್ಕೆ ಕಾಣುವ ವಸ್ತು; ಅದು ಕಂಡದ್ದನ್ನು ಉಳಿಸಿಕೊಳ್ಳುವ ಹಾರ್ಡ್ ಡಿಸ್ಕ್ ಡಬ್ಬಿಯೊಳಗೆ ಅವಿತು ಕೂರುವ ವಸ್ತುವಾದ್ದರಿಂದ, ಕೊಟೇಶನ್ನಿನ ಕೊನೆಯ ಸಾಲಿನಲ್ಲಿ, ಮಿಕ್ಕ ಹಣಕ್ಕೆ ತಕ್ಕಂತೆ, ಅದರ ಆಯ್ಕೆ ಮುಗಿದುಹೋಗುತ್ತದೆ.

ಈ ಕ್ರಮ ತಲೆಕೆಳಗಾದದ್ದು ಎಂಬುದಕ್ಕೆ ಹೈಸ್ಕೂಲಿನ ಗುಣಾಕಾರವೇ ಸಾಕ್ಷಿ. ಕ್ಯಾಮೆರಾವೊಂದು ಪ್ರತಿ ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣಕ್ಕೆ ಬಿಟ್‌ರೇಟ್ ಎಂದು ಹೆಸರು. ಅದು 4 ಮೆಗಾಬಿಟ್ ಎಂದಿಟ್ಟುಕೊಂಡರೆ, ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ, ಸೆಕೆಂಡಿಗೆ ಅರ್ಧ ಮೆಗಾಬೈಟ್ ಆಯಿತು. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಒಂದು ಕ್ಯಾಮೆರಾಕ್ಕೆ ದಿನವೊಂದಕ್ಕೆ 43.2 ಗಿಗಾಬೈಟ್, ಹದಿನಾರು ಕ್ಯಾಮೆರಾಗಳಿಗೆ 691 ಗಿಗಾಬೈಟ್, ಮೂವತ್ತು ದಿನಕ್ಕೆ 20.7 ಟೆರಾಬೈಟ್ ಜಾಗ ಬೇಕಾಗುತ್ತದೆ. 2003ರ ಎಚ್.264 ಎಂಬ ಸಂಕೋಚನ ಪದ್ಧತಿಯನ್ನು ಬಿಟ್ಟು 2013ರ ಎಚ್.265 ಪದ್ಧತಿಯನ್ನು ಹಿಡಿದು, ಬಿಟ್‌ರೇಟನ್ನೂ ತಕ್ಕಂತೆ ಇಳಿಸಿದರೆ, ಚಿತ್ರ ಹೆಚ್ಚು ಕೆಡದೆ ಈ ಮೊತ್ತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು; ಆದರೆ ಆ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಯಾರಾದರೂ ಒತ್ತಬೇಕು, ಕ್ಯಾಮೆರಾ ತಾನಾಗಿ ಮಿತವ್ಯಯಿಯಾಗುವುದಿಲ್ಲ.

ಮೂವತ್ತು ದಿನವೆಂಬುದು ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಸಿಸಿಟಿವಿ ಅಳವಡಿಸಿ ದೃಶ್ಯಗಳನ್ನು ಮೂವತ್ತು ದಿನ ಕಾಪಾಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಹೇಳುತ್ತದೆ. ಪೊಲೀಸ್ ಠಾಣೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನಿಗದಿಪಡಿಸಿದ ಅವಧಿ ಹದಿನೆಂಟು ತಿಂಗಳು. ಮೇಲಿನ ಲೆಕ್ಕದಂತೆ ಅಷ್ಟು ಅವಧಿಯಲ್ಲಿ ಒಂದೇ ಕ್ಯಾಮೆರಾದ ದಾಖಲೆ 23 ಟೆರಾಬೈಟ್ ದಾಟುತ್ತದೆ. ಇಂಥ ಲೆಕ್ಕವನ್ನೆಲ್ಲ ಮನೆಯಲ್ಲೇ ಮಾಡಿಕೊಂಡು ಎಸ್.ಪಿ. ರೋಡಿಗೆ ಹೋಗುವ ಖಜಾಂಚಿಗಳು ವಿರಳ. ಕಿರಿದಾದ ಅಂಗಡಿಯ ಕೌಂಟರಿಗೆ ಮೊಣಕೈ ಊರಿ, “4 ಟಿಬಿ ಸಾಕಲ್ಲವೇನಪ್ಪ?” ಎಂದು ಅವರು ಕೇಳುವುದು, ಹಿಂದಿನ ಗಿರಾಕಿಯ ಬಿಲ್ಲಿನಿಂದ ತಲೆಯೆತ್ತದೆ, “ಧಾರಾಳ ಸಾರ್, ಎಷ್ಟು ದಿನ ಬೇಕು ಅನ್ನೋದರ ಮೇಲೆ” ಎಂದು ಅಂಗಡಿಯವನು ಉತ್ತರಿಸುವುದು, ಆ ಉತ್ತರದ ಮೊದಲ ಪದವಷ್ಟೇ ಖಜಾಂಚಿಯ ಕಿವಿಗೆ ಬೀಳುವುದು ನಡೆದುಬಂದ ಪದ್ಧತಿ.

4 ಟೆರಾಬೈಟ್ ಡಿಸ್ಕಿನಲ್ಲಿ ಹದಿನಾರು ಕ್ಯಾಮೆರಾಗಳ ದೃಶ್ಯ ಆರು ದಿನ ತುಂಬುವ ಮೊದಲೇ ಅಂಚು ಮುಟ್ಟುತ್ತದೆ. ಅನಂತರ ಯಂತ್ರವು ಯಾರ ಅಪ್ಪಣೆಗೂ ಕಾಯದೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ದಸರಾ ರಜೆಗೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದ ಸದಸ್ಯರು, ಭಾನುವಾರ ಕಾರು ತೊಳೆಯುವಾಗ ಬಾಗಿಲ ಮೇಲಿನ ಗೀರನ್ನು ಕಂಡು ಫುಟೇಜ್ ಕೇಳಿದಾಗ, ತಾವೇ ಕಾರು ತೊಳೆಯುತ್ತಿರುವ ದೃಶ್ಯವನ್ನು ಅತ್ಯಂತ ಸ್ಪಷ್ಟವಾಗಿ ನೋಡಲು ಅವಕಾಶವಾಗುತ್ತದೆ.

ಗಾತ್ರದಷ್ಟೇ ಡಿಸ್ಕಿನ ಜಾತಿಯೂ ಮುಖ್ಯ. ಮೇಜಿನ ಮೇಲಿನ ಕಂಪ್ಯೂಟರಿಗೆಂದು ತಯಾರಾದ ಡಿಸ್ಕ್ ಕಚೇರಿ ನೌಕರನಂತೆ ಹಗಲು ದುಡಿದು ರಾತ್ರಿ ವಿರಮಿಸುವ ಲೆಕ್ಕಾಚಾರದಲ್ಲಿ ರೂಪುಗೊಂಡದ್ದು; ಓದಲಾಗದ ಜಾಗವೊಂದು ಸಿಕ್ಕರೆ ಅದು ಹಟ ಹಿಡಿದು ಅಲ್ಲೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟರಲ್ಲಿ ಬಂದ ದೃಶ್ಯಗಳು ಬಿದ್ದುಹೋಗುತ್ತವೆ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಮುಂತಾದ ಕಣ್ಗಾವಲು ಡಿಸ್ಕ್‌ಗಳು ಇಪ್ಪತ್ತನಾಲ್ಕು ಗಂಟೆಯೂ ಬರೆಯಲೆಂದೇ ಸಿದ್ಧವಾದಂಥವು; ಅವುಗಳ ಸಾಮಾನ್ಯ ಮಾದರಿಗಳಿಗೆ ತಯಾರಕರು ಹೇಳುವ ಹೊರೆ ವರ್ಷಕ್ಕೆ 180 ಟೆರಾಬೈಟ್. ನಮೂದಿಸಿದ ಹದಿನಾರು ಕ್ಯಾಮೆರಾಗಳು ವರ್ಷಕ್ಕೆ ಬರೆಯುವುದು 252 ಟೆರಾಬೈಟ್ ಆದ್ದರಿಂದ ಒಂದೇ ಡಿಸ್ಕಿನ ಮೇಲೆ ಆ ಭಾರ ಹೊರಿಸುವುದು ಅನ್ಯಾಯ. ಮೂರಕ್ಕೆ ಹಂಚಿದರೆ ತಲಾ 84 ಆಗಿ ಹೊರೆ ಹಿತವಾಗುತ್ತದೆ. 8 ಟೆರಾಬೈಟ್ ಎಂದು ಮುದ್ರಿಸಿದ ಡಿಸ್ಕನ್ನು ಕಂಪ್ಯೂಟರ್ 7.27 ಎಂದು ತೋರಿಸಿದ ಮಾತ್ರಕ್ಕೆ ಖಜಾಂಚಿ ಜಗಳಕ್ಕೆ ಹೊರಡಬೇಕಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲೂ ಕಂಪ್ಯೂಟರು 1,024ರ ಲೆಕ್ಕದಲ್ಲೂ ಎಣಿಸುವುದರಿಂದ ಹುಟ್ಟಿದ ವ್ಯತ್ಯಾಸ ಅದು.

ಪ್ರತಿ ಸಮಿತಿಯಲ್ಲೂ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಿದ್ದು, ರೆಕಾರ್ಡರಿನ ಬದಲು ಭಾರೀ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಸ್‌ಡಿ ಇರುವ ಕಂಪ್ಯೂಟರನ್ನೇ ಜೋಡಿಸೋಣವೆಂದು ಸೂಚಿಸುವುದುಂಟು. ಐಪಿ ಕ್ಯಾಮೆರಾ ತನ್ನ ಚಿತ್ರವನ್ನು ತಾನೇ ಕುಗ್ಗಿಸಿ ಕಳಿಸುವುದರಿಂದ, ಬಂದದ್ದನ್ನು ಬಂದಂತೆ ಬರೆದಿಡುವ ಕೆಲಸಕ್ಕೆ ಸಾಧಾರಣ ಪ್ರೊಸೆಸರ್ ಸಾಲುತ್ತದೆ. ಹದಿನಾರನ್ನೂ ಒಟ್ಟಿಗೆ ಪರದೆಯ ಮೇಲೆ ಬಿಡಿಸಿ ತೋರಿಸುವಾಗ ಮಾತ್ರ ಅದಕ್ಕೆ ಬೆವರಿಳಿಯುತ್ತದೆ. ಸಬ್ ಸ್ಟ್ರೀಮ್, ಅಂದರೆ ಕ್ಯಾಮೆರಾ ಜೊತೆಯಲ್ಲೇ ಕಳಿಸುವ ಕಡಿಮೆ ಗಾತ್ರದ ಇನ್ನೊಂದು ಪ್ರತಿ, ಆ ಕಷ್ಟಕ್ಕೂ ಪರಿಹಾರ. ಎಸ್‌ಎಸ್‌ಡಿಯ ವೇಗ ನಿಜ, ಆದರೆ ಅದರ ಬರಹಕ್ಕೆ ಮಿತಿಯುಂಟು: 600 ಟೆರಾಬೈಟ್ ಬರೆಯುವ ತಾಳಿಕೆಯುಳ್ಳ 1 ಟೆರಾಬೈಟ್ ಎಸ್‌ಎಸ್‌ಡಿ ಈ ಭರಾಟೆಯಲ್ಲಿ ಎರಡೂವರೆ ವರ್ಷದೊಳಗೆ ತನ್ನ ಆಯುಷ್ಯ ಮುಗಿಸುತ್ತದೆ, ಬದುಕಿರುವಷ್ಟು ಕಾಲವೂ ಒಂದೂವರೆ ದಿನದ ಹಿಂದಿನದನ್ನು ನೆನೆಯುವುದಿಲ್ಲ.

ಒಂದು ಡಿಸ್ಕ್ ಕೆಟ್ಟರೂ ದಾಖಲೆ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಹೆಣೆಯುವ ವಿಧಾನಕ್ಕೆ ರೇಡ್ ಎನ್ನುತ್ತಾರೆ. ರೇಡ್ 5ರ ಬಗೆಯಲ್ಲಿ 8 ಟೆರಾಬೈಟಿನ ನಾಲ್ಕು ಡಿಸ್ಕ್ ಕೂರಿಸಿದರೆ ಬಳಕೆಗೆ ಸಿಗುವುದು 24. ಮೂವತ್ತು ದಿನಕ್ಕೆ ಅದು ಸಾಕು. ಆದರೆ ರೆಕಾರ್ಡರಿನಲ್ಲಿ ನಾಲ್ಕು ಡಿಸ್ಕಿಗೆ ಜಾಗವಿದೆಯೇ, ಅದಕ್ಕೆ ರೇಡ್ ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಡಿಸ್ಕ್ ಕೆಟ್ಟಾಗ ರೆಕಾರ್ಡರ್ ಬೀಪ್ ಎಂದು ಕೂಗಿ ತಿಳಿಸುತ್ತದೆ. ಕಾವಲುಗಾರನ ನಿದ್ದೆಗೆ ಭಂಗ ಬರುವುದರಿಂದ ಯಾರೋ ಪುಣ್ಯಾತ್ಮರು ಆ ಶಬ್ದವನ್ನು ಬಂದ್ ಮಾಡಿಕೊಟ್ಟಿರುತ್ತಾರೆ. ಯುಪಿಎಸ್ ಇಲ್ಲದ ವ್ಯವಸ್ಥೆ ಕರೆಂಟ್ ಹೋದಾಗ ಕಣ್ಣು ಮುಚ್ಚುತ್ತದೆ; ಗೇಟಿನ ಮೇಜಿನ ಮೇಲೆ ಟಿಫಿನ್ ಡಬ್ಬಿಯ ಪಕ್ಕ ಇಟ್ಟ ರೆಕಾರ್ಡರನ್ನು ಕಳ್ಳನು ತನ್ನ ಚಿತ್ರಸಮೇತ ಹೊತ್ತೊಯ್ಯಬಹುದು, ಯಾವ ರೇಡ್ ಕೂಡ ಅದನ್ನು ತಡೆಯುವುದಿಲ್ಲ.

ಆದ್ದರಿಂದ ಸಿಸಿಟಿವಿ ಕೊಳ್ಳಹೊರಟ ಸಮಿತಿಗಳು ಎಷ್ಟು ದಿನದ ದಾಖಲೆ ಬೇಕೆಂಬುದನ್ನು ನಡಾವಳಿಯ ಮೊದಲ ಸಾಲಿನಲ್ಲಿ ಬರೆದುಕೊಂಡು, ಅದಕ್ಕೆ ತಕ್ಕ ಡಿಸ್ಕನ್ನೂ ಡಿಸ್ಕಿಗೆ ತಕ್ಕ ರೆಕಾರ್ಡರನ್ನೂ ಗೊತ್ತುಮಾಡಿ, ಬೀಗ ಹಾಕುವ ಕೋಣೆಯೊಂದನ್ನು ಹುಡುಕಿ, ಕ್ಯಾಮೆರಾದ ಮಾತನ್ನು ಕೊನೆಗೆ ಎತ್ತುವುದು ಒಳಿತು. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಯಾರಾದರೊಬ್ಬರು ಇಪ್ಪತ್ತೊಂಬತ್ತು ದಿನ ಹಿಂದಿನ ದೃಶ್ಯವನ್ನು ತೆರೆದು ನೋಡಲಿ. ಸೈಕಲ್ ಕಳುವಾಗುವ ತನಕ ಆ ಪರೀಕ್ಷೆಯನ್ನು ಮುಂದೂಡಬಾರದು.