ನಾಲ್ಕು ಒತ್ತಿದರೆ ಇತರರು

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ದೊಡ್ಡಪ್ಪ ಖಾಲಿ ಕ್ಯಾನನ್ನು ಬೇಲಿ ಗೂಟಕ್ಕೆ ನೇತುಹಾಕಿ ನನ್ನನ್ನು ಕರೆದರು. ಕುದೇರಿನಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಇರುವುದು ಮೊಣಕಾಲೆತ್ತರದ ಬೇಲಿ. ದಿನದ ಮೊದಲ ಮಾತು ಅಲ್ಲೇ.

‘ಮಗ, ನೆನ್ನ ಒಂದ್ ಫೋನು ಬಂದಿತ್ತು ಕನಪ್ಪ. ಯಾರೋ ಹೆಣ್ಮಗಳು. ಮುಂದಿನ ಎಲೆಕ್ಸನ್ನಲ್ಲಿ ಯಾರ್ಗ ಓಟು ಹಾಕೀರಿ, ಇವರಾದ್ರ ಒಂದು ಒತ್ತಿ, ಅವರಾದ್ರ ಎರಡು ಒತ್ತಿ, ಇನ್ನೊಬ್ರಾದ್ರ ಮೂರು ಒತ್ತಿ ಅಂತು. ನಾ ಅನ್ಕಂಡಿದ್ದ ಹುಡುಗನ ಹೆಸ್ರೇ ಬರ್ನಿಲ್ಲ.’

‘ಕಡೆಗೆ ಏನ್ ಒತ್ತಿದ್ರಿ ದೊಡ್ಡಪ್ಪ?’

‘ನಾಕು. ಇತರರು ಅಂತಪ್ಪ.’

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇಡೀ ದಿನ ಬಿಡಲಿಲ್ಲ: ‘ಈಗ್ಲೇ ಕೇಳ್ಕಂಡು ಹೋದ್ರ ಆಗ ಗೆಲ್ಲೋನು ಯಾರು ಅಂತ ಗೊತ್ತಾದದ? ದುಡ್ಡಿಲ್ದೋನು, ಹೆಸ್ರಿಲ್ದೋನು, ಅಂವ ಗೆದ್ದಾನ ಇಲ್ವ ಅಂತ ಇದ್ರಲ್ಲಿ ಕಂಡದ?’

ಕಾಣುವುದಿಲ್ಲ ಅಂತಲೇ ನನ್ನ ನಂಬಿಕೆ. ಹಾಗಂತ ಸಮೀಕ್ಷೆ ಎಲ್ಲ ಸುಳ್ಳು ಎಂದು ತಳ್ಳಿಹಾಕುವವನೂ ನಾನಲ್ಲ. ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಒಂದು ರಾಜ್ಯದ ಒಲವು ನೂರಕ್ಕೆ ಮೂರರಷ್ಟು ಆಚೀಚೆಯಲ್ಲಿ ಸಿಗುತ್ತದೆ. ಅದು ಲೆಕ್ಕದ ಮಾತು, ನಿಜ. ಆದರೆ ನಮ್ಮ ರಾಜ್ಯದಲ್ಲಿ ಕ್ಷೇತ್ರಗಳು 224. ಇಪ್ಪತ್ತು ಸಾವಿರ ಜನರನ್ನು ಕೇಳಿದರೂ ಒಂದು ಕ್ಷೇತ್ರದ ಪಾಲಿಗೆ ಬರುವುದು ತೊಂಬತ್ತಕ್ಕೂ ಕಮ್ಮಿ. ತೊಂಬತ್ತು ಜನರ ಮಾತಿನ ಮೇಲೆ ಲೆಕ್ಕ ಕಟ್ಟಿದರೆ ನೂರಕ್ಕೆ ಹತ್ತರಷ್ಟು ಏರುಪೇರು. ನಮ್ಮ ಚಾಮರಾಜನಗರ ಜಿಲ್ಲೆಯ ಎಷ್ಟೋ ಚುನಾವಣೆಗಳು ಆ ಹತ್ತರೊಳಗೇ ಮುಗಿದುಹೋಗುತ್ತವೆ.

ಬೇರೆ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕು, ನಮ್ಮ ಕಡೆಯವರಿಗೆ ಬೇಡ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಂದದ್ದು 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ಓಟು! ಕೃಷ್ಣಮೂರ್ತಿಯವರ ಕಾರಿನ ಡ್ರೈವರೇ ಕೆಲಸದ ಗಡಿಬಿಡಿಯಲ್ಲಿ ಮತ ಹಾಕಲು ಹೋಗಲಿಲ್ಲ ಎಂಬ ಮಾತು ಇಂದಿಗೂ ಟೀ ಅಂಗಡಿಗಳಲ್ಲಿ ಓಡಾಡುತ್ತದೆ. ಆ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು, ಆ ಒಂದು ಓಟಿನ ಮಾತು ಮಾತ್ರ ಉಳಿಯಿತು.

ಕೃಷ್ಣಮೂರ್ತಿಯವರ ಕತೆ ಅಲ್ಲಿಗೇ ನಿಲ್ಲುವುದಿಲ್ಲ. ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ, ಹೆಸರಿಗೇನೂ ಕೊರತೆಯಿರಲಿಲ್ಲ. ಆದರೂ 2009ರ ಲೋಕಸಭೆಯಲ್ಲಿ ಬಿಜೆಪಿಯಿಂದ ನಿಂತು ಅದೇ ಧ್ರುವನಾರಾಯಣ ಅವರೆದುರು 4,002 ಮತಗಳಿಂದ ಸೋತರು. 2014ರಲ್ಲಿ ಮತ್ತೆ ಅವರೆದುರೇ ಸೋಲು, ಆ ಸಲ ಅಂತರ ಲಕ್ಷ ದಾಟಿತ್ತು. 2018ರಲ್ಲಿ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ಸಿನಿಂದ ನಿಂತರು, ಅಲ್ಲೂ ಸೋಲು. ಇಷ್ಟು ಸೋತವರನ್ನು ಇಟ್ಟುಕೊಂಡು 2021ರಲ್ಲೋ 2022ರಲ್ಲೋ ಫೋನಿನಲ್ಲಿ ಕೇಳಿದ್ದರೆ ಜನ ಏನು ಹೇಳುತ್ತಿದ್ದರು? ‘ಪಾಪ, ಒಳ್ಳೇರು, ಆದ್ರ ಗೆಲ್ಲಲ್ಲ ಕನ’ ಎನ್ನುತ್ತಿದ್ದರು. 2023ರಲ್ಲಿ ಅವರು ಗೆದ್ದದ್ದು 59,519 ಮತಗಳ ಅಂತರದಿಂದ.

2018ರಲ್ಲಿ ಅವರನ್ನು ಸೋಲಿಸಿದವರು ಎನ್. ಮಹೇಶ್. ದೊಡ್ಡಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಅವರ ಚುನಾವಣೆಯಲ್ಲಿದೆ. ಬಿಎಸ್‌ಪಿಯ ಆನೆ ಗುರುತು ಹಿಡಿದು ಹಲವು ಸಲ ನಿಂತು ಸೋತವರು. ಪ್ರತಿ ಸಲವೂ ‘ಓಟು ಒಡೆಯೋಕೆ ನಿಂತವ್ರೆ’ ಎಂಬ ಮಾತನ್ನು ಹೊತ್ತವರು. ರಾಜ್ಯಮಟ್ಟದ ಹೆಚ್ಚಿನ ಸಮೀಕ್ಷೆಗಳಲ್ಲಿ ಬಿಎಸ್‌ಪಿಗೆ ಕಾಲಂ ಕೂಡ ಇರುತ್ತಿರಲಿಲ್ಲ, ಅದೂ ‘ಇತರರು’ ಡಬ್ಬಿಗೇ. 2018ರ ಫೆಬ್ರವರಿಯಲ್ಲಿ ಜೆಡಿಎಸ್‌ ಮತ್ತು ಬಿಎಸ್‌ಪಿ ಮೈತ್ರಿ ಆಯಿತು. ಮೇ 12ಕ್ಕೆ ಮತದಾನ. ಮಹೇಶ್ 19,454 ಮತಗಳಿಂದ ಗೆದ್ದರು, ಆ ವಿಧಾನಸಭೆಗೆ ಬಿಎಸ್‌ಪಿಯಿಂದ ಹೋದ ಒಬ್ಬರೇ ಒಬ್ಬರು. ಜೂನ್‌ನಲ್ಲಿ ಶಿಕ್ಷಣ ಸಚಿವರೂ ಆದರು. 2017ರಲ್ಲಿ ಎಷ್ಟು ಚೆನ್ನಾಗಿ ಸಮೀಕ್ಷೆ ಮಾಡಿದ್ದರೂ ಚುನಾವಣೆಗೆ ಮೂರು ತಿಂಗಳ ಮುಂಚೆ ಕುದುರಲಿದ್ದ ಮೈತ್ರಿ ಅದರಲ್ಲಿ ಕಾಣುತ್ತಿತ್ತೇ? ಆ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ.

ಕಾಣಬಹುದಾಗಿದ್ದ ಸಂಗತಿ ಇನ್ನೊಂದಿತ್ತು. ಅವರ ಹಿಂದಿನ ಸೋಲುಗಳು. 2013ರಲ್ಲಿ ಅದೇ ಕೊಳ್ಳೇಗಾಲದಲ್ಲಿ ಅವರು ಎರಡನೇ ಸ್ಥಾನಕ್ಕೆ ಬಂದಿದ್ದರು. ಬಿಸಿಲಲ್ಲಿ ಸಾಲು ನಿಂತು ಒತ್ತಿದ ಸಾವಿರಾರು ಗುಂಡಿಗಳಿಗಿಂತ ಗಟ್ಟಿಯಾದ ಸಮೀಕ್ಷೆ ಬೇರೆ ಯಾವುದು? ಫೋನಿನಲ್ಲಿ ನಾಲ್ಕು ಒತ್ತುವುದಕ್ಕೆ ಖರ್ಚಿಲ್ಲ. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಕೂಲಿ ಬಿಟ್ಟು ಹೋಗಿ ಒಬ್ಬರಿಗೆ ಹಾಕಿ ಬರುವುದಕ್ಕೆ ಖರ್ಚಿದೆ. ಸಣ್ಣ ಅಭ್ಯರ್ಥಿಯ ಬಲ ಅಳೆಯಬೇಕಾದರೆ ನಾನಂತೂ ಮೊದಲು ನೋಡುವುದು ಅಲ್ಲೇ: ಹೋದ ಸಲ ಸೋತಾಗ ಎಷ್ಟು ತೆಗೆದಿದ್ದ, ಅದರ ಹಿಂದಿನ ಸಲ ಎಷ್ಟು?

‘ಹಂಗಾರ ಆ ಫೋನ್ನೋರು ಅಳ್ಯೋದಾದ್ರೂ ಏನ?’ ಎಂದರು ದೊಡ್ಡಪ್ಪ. ಸಂಜೆ ಹೊತ್ತಿಗೆ ಬೇಲಿ ಬಳಿ ಮತ್ತೆ ಸೇರಿದ್ದೆವು.

ಹೆಸರನ್ನು, ಎಂದೆ. ಚುನಾವಣೆ ವರ್ಷದ ಆಚೆ ಇರುವಾಗ ಕೇಳಿದರೆ ಜನ ಹೇಳುವುದು ತಾವು ಕೇಳಿ ಬಲ್ಲ ಹೆಸರನ್ನು. ಟಿವಿಯಲ್ಲಿ ಕಂಡ ಮುಖ, ಫ್ಲೆಕ್ಸ್‌ನಲ್ಲಿ ಕಂಡ ಮುಖ. ಹೆಸರು ದೊಡ್ಡದಾದ ಮಾತ್ರಕ್ಕೆ ಓಟು ಬರುವುದಿಲ್ಲ ಎನ್ನುವುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. 2023ರಲ್ಲಿ ಮಂತ್ರಿಯಾಗಿದ್ದ ವಿ. ಸೋಮಣ್ಣ ಚಾಮರಾಜನಗರಕ್ಕೂ ವರುಣಕ್ಕೂ ನಿಂತರು. ಅವರ ಹೆಸರು ಕೇಳದವರು ಯಾರಿದ್ದರು? ಚಾಮರಾಜನಗರದಲ್ಲಿ ಪುಟ್ಟರಂಗಶೆಟ್ಟರು 7,533 ಮತಗಳಿಂದ ಗೆದ್ದರು, ಸೋಮಣ್ಣನವರು ಎರಡೂ ಕಡೆ ಸೋತರು.

ಅಮೆರಿಕದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎನ್ನುವುದನ್ನೇ ಜನ ಓಟು ಹಾಕಿ ತೀರ್ಮಾನಿಸುತ್ತಾರೆ. 1976ರ ಶುರುವಿನಲ್ಲಿ ಜಿಮ್ಮಿ ಕಾರ್ಟರ್ ಹೆಸರನ್ನು ಅವರ ಪಕ್ಷದಲ್ಲೇ ನೂರಕ್ಕೆ ಐದು ಮಂದಿಯೂ ಹೇಳುತ್ತಿರಲಿಲ್ಲ. ಕಡಲೆಕಾಯಿ ಬೆಳೆಯುವ ಮನೆಯವರು, ಜಾರ್ಜಿಯಾದ ಮಾಜಿ ಗವರ್ನರ್. ಅಯೋವಾ ಎಂಬ ರಾಜ್ಯದಲ್ಲಿ ಮನೆಮನೆ ತಿರುಗಿದರು, ಆ ವರ್ಷವೇ ಅಧ್ಯಕ್ಷರಾಗಿ ಆರಿಸಿ ಬಂದರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜೊಹ್ರಾನ್ ಮಮ್ದಾನಿ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಒಂದರಲ್ಲಿದ್ದರು. ಜೂನ್‌ನಲ್ಲಿ ಮಾಜಿ ಗವರ್ನರರನ್ನೇ ಹಿಂದೆ ಹಾಕಿ ಪಕ್ಷದ ಅಭ್ಯರ್ಥಿಯಾದರು, ನವೆಂಬರಿನಲ್ಲಿ ಮೇಯರ್ ಆಗಿ ಗೆದ್ದರು. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಒಂದರಲ್ಲಿ ಇದ್ದವರೆಲ್ಲ ಮೇಲೇಳುವುದಿಲ್ಲ. ಹೆಚ್ಚಿನವರು ಒಂದರಲ್ಲೇ ಉಳಿದು ಹೆಸರೂ ಮರೆತುಹೋಗುತ್ತದೆ. ಯಾರು ಏಳುತ್ತಾರೆ, ಯಾರು ಉಳಿಯುತ್ತಾರೆ ಎಂದು ಆ ಒಂದು ಎಂಬ ಅಂಕಿ ತಾನಾಗಿ ಹೇಳಲಾರದು. ಅಭ್ಯರ್ಥಿಯನ್ನು ಬಲ್ಲವರು ಅವನನ್ನು ಮೆಚ್ಚುತ್ತಾರಾ ಎಂದು ಬೇರೆಯಾಗಿ ಕೇಳಬೇಕು. ಹತ್ತು ಜನ ಬಲ್ಲವರಲ್ಲಿ ಎಂಟು ಜನ ಮೆಚ್ಚಿದರೆ ಅಂಥವನಿಗೆ ಕೊರತೆ ಇರುವುದು ಪರಿಚಯದ್ದು. ನೂರೂ ಜನ ಬಲ್ಲರು, ಆದರೂ ಬೇಡ ಎನ್ನುತ್ತಾರೆ ಅಂದರೆ ಅದು ಬೇರೆ ಕಾಯಿಲೆ.

ನನಗೆ ಸಂಕಟ ಆಗುವುದು ಇಲ್ಲಿ. ಅಮೆರಿಕದಲ್ಲಿ ಸಮೀಕ್ಷೆ ತಪ್ಪಿದರೆ ಟಿಕೆಟ್ಟಿನ ಹೊತ್ತಿಗೇ ಜನ ಅದನ್ನು ತಿದ್ದುತ್ತಾರೆ. ನಮ್ಮಲ್ಲಿ ಟಿಕೆಟ್ ಕೊಡುವುದು ಬೆಂಗಳೂರು, ದೆಹಲಿ. ಅವರ ಮೇಜಿನ ಮೇಲೆ ಮೂರು ಸರ್ವೆ ರಿಪೋರ್ಟ್ ಇರುತ್ತದೆ. ‘ಸರ್ವೆಯಲ್ಲಿ ನಿಮ್ಮ ಹೆಸರು ಇಲ್ಲ’ ಎಂದು ಒಂದು ಮಾತು ಹೇಳಿದರೆ ಹತ್ತು ವರ್ಷ ಊರೂರು ತಿರುಗಿದ ಕಾರ್ಯಕರ್ತ ಮನೆಗೆ ವಾಪಸ್. ಅವನನ್ನು ಮತದಾರ ನೋಡುವುದೇ ಇಲ್ಲ. ಟಿಕೆಟ್ ಸಿಗದ ಮೇಲೆ ಅವನು ಗೆಲ್ಲುತ್ತಿರಲಿಲ್ಲ ಎಂಬ ಸರ್ವೆ ಸುಳ್ಳಾಗುವುದಾದರೂ ಹೇಗೆ? ಟಿಕೆಟ್ ಸಿಕ್ಕರೂ ಅಷ್ಟೆ: ಸೋಲುವ ಕುದುರೆ ಎಂದು ಸುದ್ದಿ ಹಬ್ಬಿದರೆ ದುಡ್ಡು ಕೊಡುವವರು ಹಿಂದೆ ಸರಿಯುತ್ತಾರೆ, ಬೂತಿಗೆ ಕೂರಲು ಏಜೆಂಟೂ ಸಿಗುವುದಿಲ್ಲ. ಮಹೇಶ್ ಅವರಿಗೆ ಪ್ರತಿ ಸಲ ಟಿಕೆಟ್ ಕೊಡುವ ಪಕ್ಷವೊಂದಿತ್ತು, ಆದ್ದರಿಂದ ಅವರು ಸೋಲುತ್ತ ಸೋಲುತ್ತ ಬೆಳೆಯಲು ಸಾಧ್ಯವಾಯಿತು. ಸರ್ವೆಗೆ ಬಾಗಿಲು ಕಾಯುವ ಕೆಲಸ ಕೊಟ್ಟರೆ ಅಂಥವರು ಒಳಗೆ ಬರುವುದು ಯಾವಾಗ? ಜನರ ಮನಸ್ಸು ಅರಿಯಲು ಕೇಳಲಿ, ತಪ್ಪಿಲ್ಲ. ಅರಿಯುವ ಮೊದಲೇ ಬಾಗಿಲು ಹಾಕುವುದು ಅನ್ಯಾಯ.

ದೊಡ್ಡಪ್ಪ ಇದನ್ನೆಲ್ಲ ಕೇಳುತ್ತ ಬೇಲಿಯ ಸಡಿಲ ಗೂಟವನ್ನು ಕಲ್ಲಿನಿಂದ ಬಡಿಯುತ್ತಿದ್ದರು. ಆಮೇಲೆ ಕಲ್ಲು ಕೆಳಗಿಟ್ಟರು.

‘ಸಂತೇಮರಳ್ಳೀಲಿ ನಮ್ ಮಗಳ ಮನ ಅದಲ್ಲ, ಆ ಒಂದ್ ಓಟಿನ ಎಲೆಕ್ಸನ್ನಲ್ಲಿ ಅವರ ಮನಲಿ ನಾಕು ಓಟಿತ್ತು ಮಗ. ಇಬ್ರು ಹಾಕುದ್ರು. ಇನ್ನಿಬ್ರು ಮದ್ವ ಅಂತ ಮೈಸೂರ್ಗ ಹೋಗ್ಬುಟ್ಟಿದ್ರು.’

‘ಇದ್ದಿದ್ರೆ ಅವರಿಬ್ರು ಯಾರಿಗೆ ಹಾಕ್ತಿದ್ರು ದೊಡ್ಡಪ್ಪ?’

‘ಅದ ಇವತ್ಗಂಟ ಅವರ ಯಾರೂ ಕೇಳ್ನಿಲ್ಲ ಕನಪ್ಪ’ ಎಂದು ಅವರು ಸಂಜೆಯ ಹಾಲು ಕರೆಯಲು ಕ್ಯಾನು ತೆಗೆದುಕೊಂಡು ಹೋದರು.