ನೆಲ್ಸನ್ನನಿಗೆ ಬೇಡವಾದ ದ್ವೀಪ

ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ 365 ಕಡಲತೀರಗಳಿವೆಯಂತೆ, ದಿನಕ್ಕೊಂದರಂತೆ. ‘ಹಾಗಾದರೆ ಫೆಬ್ರವರಿ 29ಕ್ಕೆ ಏನು ಮಾಡ್ತೀರಿ?’ ಎಂದು ಟ್ಯಾಕ್ಸಿಯವನನ್ನು ಕೇಳಿದೆ. ‘ಅವತ್ತು ಕ್ರಿಕೆಟ್’ ಎಂದ. ಅಲ್ಲೂ ಮರಳು ತಪ್ಪಿದ್ದಲ್ಲ. 2009ರಲ್ಲಿ ವಿವಿಯನ್ ರಿಚರ್ಡ್ಸ್ ಹೆಸರಿನ ಮೈದಾನದಲ್ಲಿ ಬೌಲರುಗಳ ಕಾಲು ಮರಳಲ್ಲಿ ಹೂತು, ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಪಂದ್ಯ 10 ಎಸೆತಕ್ಕೇ ಮುಗಿದುಹೋಗಿತ್ತು.

ನಮಗೆಲ್ಲ ಸಮುದ್ರವೆಂದರೆ ಪ್ಯಾಂಟು ಮಡಚಿ ನೀರಿಗಿಳಿದು, ಫೋಟೊ ತೆಗೆಸಿಕೊಂಡು, ಚುರುಮುರಿ ತಿಂದು ಹೊರಡುವ ಅರ್ಧ ಗಂಟೆಯ ಕಾರ್ಯಕ್ರಮ. ಇಲ್ಲಿಯ ಹಾಫ್ ಮೂನ್ ಬೇ ಕಡಲತೀರದಲ್ಲಿ ಜನ ಬೆಳಗಿನಿಂದ ಸಂಜೆಯವರೆಗೆ ಮಲಗಿಯೇ ಇರುತ್ತಾರೆ. ನನ್ನ ಹೆಂಡತಿ ಅವರ ಸಾಲಿಗೆ ಸಲೀಸಾಗಿ ಸೇರಿಕೊಂಡಳು. ನನಗೆ ಮಾತ್ರ ಸುಮ್ಮನಿರಲಾಗದೆ ಇಂಗ್ಲಿಷ್ ಹಾರ್ಬರಿನ ‘ನೆಲ್ಸನ್ಸ್ ಡಾಕ್‌ಯಾರ್ಡ್’ಗೆ ಅವಳನ್ನು ಎಬ್ಬಿಸಿಕೊಂಡು ಹೋದೆ.

ಗುಲಾಮರಾಗಿದ್ದ ಆಫ್ರಿಕನ್ನರ ಬೆವರಿನಿಂದ ಎದ್ದ ಹಡಗುಕಟ್ಟೆ ಇದು. ಹಗ್ಗ ಸುತ್ತುವ ದೊಡ್ಡ ರಾಟೆಗಳು ಇನ್ನೂ ನಿಂತಿವೆ. ಯುದ್ಧನೌಕೆಗಳನ್ನು ಇವುಗಳಿಂದ ಎಳೆದು ಒಂದು ಮಗ್ಗುಲಿಗೆ ಒರಗಿಸಿ ತಳ ಕೆರೆಯುತ್ತಿದ್ದರಂತೆ. ಈ ದ್ವೀಪದಲ್ಲಿ ಮಲಗುವ ಪದ್ಧತಿ ಶುರುವಾದದ್ದೇ ಹಡಗುಗಳಿಂದ ಇರಬೇಕು.

1784ರಿಂದ 1787ರವರೆಗೆ ಈ ಕಡೆ ಇದ್ದ ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್‌ಗೆ ಇಲ್ಲಿಯ ಸೆಖೆ, ಸೊಳ್ಳೆ ಯಾವುದೂ ಒಗ್ಗಲಿಲ್ಲ. ಅಮೆರಿಕದ ಹಡಗುಗಳ ವ್ಯಾಪಾರ ತಡೆಯುವುದು ಅವನ ಕೆಲಸ. ಹಾಗಾಗಿ ವ್ಯಾಪಾರಿಗಳೂ ಹಗೆಯಾಗಿ ಅವನ ಮೇಲೆ ದಾವೆ ಹೂಡಿದರು. ಅಂಥವನ ಹೆಸರನ್ನೇ ಕಟ್ಟೆಗಿಟ್ಟಿದ್ದಾರೆ. ನೌಕಾಪಡೆ 1889ರಲ್ಲಿ ಜಾಗ ಖಾಲಿ ಮಾಡಿತು, 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಡಾಂಬರು, ಸೀಸ ಇಡುತ್ತಿದ್ದ ಉಗ್ರಾಣ ಈಗ ವಸತಿಗೃಹ. ಸಂಬಳ ಕೊಟ್ಟರೂ ನೆಲ್ಸನ್ ಗೊಣಗಿದ ಜಾಗದಲ್ಲಿ ಜನ ಬಾಡಿಗೆ ಕೊಟ್ಟು ಹಲ್ಲು ಕಿರಿಯುತ್ತಾರೆ.

ಮಧ್ಯಾಹ್ನ ಊಟಕ್ಕೆ ‘ಫಂಜಿ’ ಬಂತು. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವಿ ಉಂಡೆ ಕಟ್ಟಿದ್ದು. ಥೇಟ್ ನಮ್ಮ ಮುದ್ದೆ. ಪಕ್ಕದಲ್ಲಿ ಸೊಪ್ಪಿನ ಗಟ್ಟಿ ಸಾರು. ಅಗಿಯಬೇಕೋ ನುಂಗಬೇಕೋ ಎಂದು ಯೋಚಿಸುವಷ್ಟರಲ್ಲಿ ಹೆಂಡತಿಯ ತಟ್ಟೆ ಖಾಲಿ. ಮತ್ತೆ ಮರಳಿಗೇ ಹೋಗೋಣ ಎಂದಳು.

‘2002ರಲ್ಲಿ ಇದೇ ದ್ವೀಪದಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಲಾರಾನನ್ನೇ ಔಟ್ ಮಾಡಿದರು. ಎಲ್ಲ ನೆಟ್ಟಗಿರುವ ನಾವು ಬಿದ್ದುಕೊಂಡಿರೋದಾ?’ ಎಂದೆ.

‘ನೆಲ್ಸನ್ನೂ ಕುಂಬ್ಳೆಯೂ ಡ್ಯೂಟಿ ಮೇಲೆ ಬಂದವರು ಕಣ್ರೀ. ನೀವು ರಜೆ ಹಾಕಿ, ಸಾಲ ಮಾಡಿ ಬಂದಿದ್ದೀರಿ. ಬಡ್ಡಿಯಾದರೂ ಹುಟ್ಟಲಿ, ಮಲಗಿ.’